ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ?

ಕಳೆದ ಮುಂಗಾರಿನ ಮೊದಲ ಸಿಡಿಲಿಗೆ ನಮ್ಮ ಮನೆಯ ಕಂಪ್ಯೂಟರು ಸುಟ್ಟುಹೋಯಿತು. ಸದಾ ಅದಕ್ಕೆ ಜೋಡಿಸಿಯೇ ಇಟ್ಟಿದ್ದ ನಕಲು ಡಿಸ್ಕೂ ಜೊತೆಗೇ ಹೋಯಿತು. ಹನ್ನೊಂದು ವರ್ಷದ ಕಾಫಿ ಕುಯಿಲು, ಆಳುಗಳ ಬಟವಾಡೆ, ಅಡಿಕೆ ಮಾರಾಟದ ಲೆಕ್ಕವೆಲ್ಲ ಅವುಗಳಲ್ಲಿತ್ತು. ಕಾಪಾಡಿದ್ದು ಹುಮನಾಬಾದಿನ ಮಗಳ ಮನೆಯಲ್ಲಿ ಬಿಟ್ಟಿದ್ದ ಮತ್ತೊಂದು ಹಳೆಯ ಡಿಸ್ಕು.

ಅದನ್ನು ತರಲು ಹೋದಾಗ ನೆರೆಯ ಬಸವಕಲ್ಯಾಣಕ್ಕೂ ಹೋಗಿಬಂದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ದಂಗೆಯೆದ್ದಾಗ ಶರಣರು ವಚನದ ಕಟ್ಟುಗಳನ್ನು ಘಟ್ಟದ ಉಳವಿಯವರೆಗೆ ಹೊತ್ತು ತಂದರೆಂದು ಪ್ರತೀತಿ. ಮನೆಮಠಗಳಲ್ಲಿ ಚದುರಿ ಉಳಿದ ಓಲೆಪ್ರತಿಗಳಿಂದಲೇ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದದ್ದು. ಎಲ್ಲವೂ ಕಲ್ಯಾಣದಲ್ಲೇ ಇದ್ದಿದ್ದರೆ?

ಇನ್ನು ತಂತ್ರಾಂಶದ ವಿಚಾರ. ಕಡತಗಳನ್ನಷ್ಟೇ ನಕಲು ಮಾಡುವುದು ಒಂದು ಬಗೆ, ಇಡೀ ಡಿಸ್ಕಿನ ಪ್ರತಿರೂಪ ತೆಗೆಯುವುದು ಇನ್ನೊಂದು. ನಮ್ಮ ಲೆಕ್ಕಪತ್ರಕ್ಕೆ ಮೊದಲನೆಯದು ಸಾಕು. ವಿಂಡೋಸಿನಲ್ಲೇ ಇರುವ ‘ಫೈಲ್ ಹಿಸ್ಟರಿ’ಗೆ ಬೇರೆ ಹಣವಿಲ್ಲ, ತಪ್ಪಿ ತಿದ್ದಿದ ಕಡತದ ಹಿಂದಿನ ರೂಪವೂ ಅದರಲ್ಲಿ ಸಿಗುತ್ತದೆ. ಆದರೆ ‘ಡಾಕ್ಯುಮೆಂಟ್ಸ್’ ಮುಂತಾದ ಗೊತ್ತಾದ ಫೋಲ್ಡರುಗಳನ್ನಷ್ಟೇ ಅದು ನೋಡಿಕೊಳ್ಳುತ್ತದೆ. ಲೆಕ್ಕವನ್ನು ಅಲ್ಲಿಯೇ ಇಡತಕ್ಕದ್ದು. ಕ್ಲೋನ್‌ಜಿಲ್ಲಾ ಎಂಬುದು ಇಡೀ ಡಿಸ್ಕನ್ನೇ ಎತ್ತುತ್ತದೆ, ಅದೂ ಉಚಿತ. ಮರಳಿ ತುಂಬುವಾಗ ಡಿಸ್ಕಿನ ಹೆಸರು ತಪ್ಪಿ ಒತ್ತಿದರೆ ಇದ್ದದ್ದೂ ಅಳಿಯುತ್ತದೆ, ನಾನಂತೂ ಮುಟ್ಟಲಾರೆ.

ಯಾವುದನ್ನೇ ಆರಿಸಿ, ನಕಲಾದ ಕೂಡಲೇ ಡಿಸ್ಕನ್ನು ಕಳಚಿಡಿ. 2017ರ ವನ್ನಾಕ್ರೈ ಹಾವಳಿಯಂಥದ್ದು ಜೋಡಿಸಿದ ಡಿಸ್ಕಿನ ಕಡತಗಳಿಗೂ ಬೀಗ ಹಾಕುತ್ತದೆ. ತಿಂಗಳಿಗೊಮ್ಮೆ ಒಂದು ಕಡತವನ್ನಾದರೂ ಮರಳಿ ತೆಗೆದು ನೋಡಿ. ಹುಮನಾಬಾದಿನ ಡಿಸ್ಕಿನಲ್ಲಿ ಕೊನೆಯ ಎಂಟು ತಿಂಗಳ ಲೆಕ್ಕ ಇರಲಿಲ್ಲ. ರಸೀದಿಗಳನ್ನು ಹರಡಿಕೊಂಡು ಈಗಲೂ ಬರೆಯುತ್ತಿದ್ದೇನೆ.