ಮೈಲುತುತ್ತದ ಲೋಹ, ರಕ್ತನಾಳದ ಗೋಡೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಅಡಿಕೆ ಬೆಳೆಗಾರರಿಗೆ ತಾಮ್ರವೆಂದರೆ ಮೊದಲು ನೆನಪಾಗುವುದು ಮಳೆಗಾಲ. ಮುಂಗಾರು ಹಿಡಿಯುವ ಮುನ್ನ ಒಮ್ಮೆ, ಸುಮಾರು 45 ದಿನಗಳ ಅನಂತರ ಇನ್ನೊಮ್ಮೆ, 1 ಕಿಲೊ ಮೈಲುತುತ್ತ ಮತ್ತು 1 ಕಿಲೊ ಸುಣ್ಣವನ್ನು 100 ಲೀಟರ್ ನೀರಿಗೆ ಬೆರೆಸಿ ಗೊನೆಗಳಿಗೆ ಸಿಂಪಡಿಸುವ ತಿಳಿನೀಲಿ ಬೋರ್ಡೋ ದ್ರಾವಣವು ಕೊಳೆರೋಗವನ್ನು ತಡೆಯುವುದು ಮೈಲುತುತ್ತದಲ್ಲಿರುವ ತಾಮ್ರದ ಬಲದಿಂದ. ಈ ರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಸವಿಸ್ತಾರವಾಗಿ ಬರೆದಿದ್ದರು. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಕೇಂದ್ರದಲ್ಲಿ ಅಡಿಕೆಯ ಸಂಶೋಧನೆ ಇಂದಿಗೂ ನಡೆದಿದೆ. ತೋಟದಲ್ಲಿ ಕಿಲೊಗಟ್ಟಲೆ ಬಳಕೆಯಾಗುವ ಈ ಲೋಹ ಮನುಷ್ಯನ ಹೃದಯಕ್ಕೂ ರಕ್ತನಾಳಕ್ಕೂ ಬೇಕು, ಆದರೆ ದಿನಕ್ಕೆ ಬೇಕಾದದ್ದು ಹೆಚ್ಚೆಂದರೆ 2 ಮಿಲಿಗ್ರಾಂ.

ಹೀಗೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ, ಆದರೆ ಇಲ್ಲದಿದ್ದರೆ ದೇಹದ ಕೆಲಸ ಕೆಡುವ ತಾಮ್ರ, ಸತು, ಸೆಲೆನಿಯಂ, ಅಯೋಡಿನ್ ಮುಂತಾದವುಗಳನ್ನು ಲೇಶಖನಿಜಗಳೆಂದು ಕರೆಯುತ್ತಾರೆ. ವಯಸ್ಕರ ದೇಹದಲ್ಲಿರುವ ಒಟ್ಟು ತಾಮ್ರ ಸುಮಾರು 100 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಮಾತ್ರ.

ಹೃದಯ ಪ್ರತಿ ಸಲ ಮಿಡಿದಾಗಲೂ ಅಲ್ಲಿಂದ ಹೊರಡುವ ಮಹಾಪಧಮನಿ ಹಿಗ್ಗಿ, ಮರುಕ್ಷಣ ಕುಗ್ಗಿ ರಕ್ತವನ್ನು ಮುಂದಕ್ಕೆ ನೂಕುತ್ತದೆ. ಹೀಗೆ ಹಿಗ್ಗುವ ಗುಣವನ್ನು ಕೊಡುವುದು ನಾಳದ ಗೋಡೆಯಲ್ಲಿರುವ ಇಲಾಸ್ಟಿನ್ ಎಂಬ ಎಳೆ, ಹರಿಯದಂತೆ ಹಿಡಿದಿಡುವುದು ಕೊಲಾಜನ್ ಎಂಬ ಇನ್ನೊಂದು ಎಳೆ. ತೆಂಗಿನ ನಾರನ್ನು ಎಷ್ಟು ಗುಡ್ಡೆ ಹಾಕಿದರೂ ಹೊಸೆಯದೆ ಅದು ಹಗ್ಗವಾಗದು. ಹಾಗೆಯೇ ಈ ಎಳೆಗಳನ್ನೂ ಒಂದಕ್ಕೊಂದು ಬೆಸೆಯಬೇಕು, ಬೆಸೆಯುವ ಕೆಲಸ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ್ದು, ಆ ಕಿಣ್ವ ಕೆಲಸ ಮಾಡಲು ಅದರ ಒಡಲಲ್ಲಿ ತಾಮ್ರವಿರಲೇಬೇಕು. 1960ರ ದಶಕದ ಆರಂಭದಲ್ಲಿ ತಾಮ್ರವಿಲ್ಲದ ಮೇವು ತಿಂದ ಕೋಳಿಮರಿಗಳೂ ಹಂದಿಗಳೂ ಮಹಾಪಧಮನಿ ಒಡೆದು ಸತ್ತಾಗ ಈ ಸಂಬಂಧ ಕಣ್ಣಿಗೆ ಬಿತ್ತು. ಮನುಷ್ಯರಲ್ಲಿ ಇದರ ಸಾಕ್ಷಿ ದೊರೆತದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ವೈದ್ಯ ಡೇವಿಡ್ ಡ್ಯಾಂಕ್ಸ್, ಮೆಂಕೆಸ್ ರೋಗವಿದ್ದ ಶಿಶುಗಳ ಒರಟು ಕೂದಲು ತಾಮ್ರದ ಕೊರತೆಯಿರುವ ಕುರಿಗಳ ಉಣ್ಣೆಯಂತಿರುವುದನ್ನು ಗಮನಿಸಿ, ಆ ಶಿಶುಗಳ ದೇಹ ಆಹಾರದ ತಾಮ್ರವನ್ನು ಹೀರಿಕೊಳ್ಳಲಾರದೆಂದು 1972ರಲ್ಲಿ ತೋರಿಸಿಕೊಟ್ಟರು. ಆ ಎಳೆಯ ಮಕ್ಕಳ ಅಪಧಮನಿಗಳು ಉದ್ದವಾಗಿ, ಬಳ್ಳಿಯಂತೆ ಸುತ್ತಿಕೊಂಡಿರುತ್ತವೆ.

ಅಡಿಕೆಯ ನಾಡಿನವರು ವಿಶೇಷವಾಗಿ ತಿಳಿಯಬೇಕಾದದ್ದು ಇದೇ ಕಿಣ್ವದ ಇನ್ನೊಂದು ಮುಖ. ಅಡಿಕೆಯಲ್ಲಿ ತಾಮ್ರ ಹೆಚ್ಚು. ದಿನವಿಡೀ ಅಡಿಕೆ ಜಗಿಯುವವರ ಬಾಯಲ್ಲಿ ಈ ತಾಮ್ರವು ಲೈಸಿಲ್ ಆಕ್ಸಿಡೇಸನ್ನು ಅತಿಯಾಗಿ ಕೆರಳಿಸುತ್ತದೆ, ಅಡಿಕೆಯ ಅರೆಕೊಲೀನ್ ಎಂಬ ಸತ್ವವು ಕೊಲಾಜನ್ ಉತ್ಪತ್ತಿಯನ್ನು ಹೆಚ್ಚಿಸುತ್ತದೆ, ಹೀಗೆ ಎರಡೂ ಕೂಡಿ ಕೆನ್ನೆಯ ಒಳಪದರ ಬಿಗಿದು ಕೊನೆಗೆ ಬಾಯಿ ಎರಡು ಬೆರಳಗಲವೂ ತೆರೆಯದಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ಅಪಧಮನಿಯಲ್ಲಿ ಬಾಳನ್ನು ಕಾಯುವ ಬೆಸುಗೆ ಕೆನ್ನೆಯಲ್ಲಿ ಕಂಟಕವಾಗುತ್ತದೆ. ಬೆಳೆಯುವ ಕೈಗಳೇ ಜಗಿಯುವ ಅಭ್ಯಾಸವನ್ನೂ ಬೆಳೆಸಿಕೊಂಡಿರುವ ಊರುಗಳಲ್ಲಿ ಈ ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ.

ದೇಹಕ್ಕೆ ಬೇಕಾದ ತಾಮ್ರ ಇಲ್ಲಿನ ಅಡುಗೆಮನೆಯಲ್ಲೇ ಸಾಕಷ್ಟಿದೆ: ಹುರುಳಿ ಸಾರು, ಎಳ್ಳು, ಮರುವಾಯಿ, ಗೇರುಬೀಜ. ಒಂದು ಹಿಡಿ, ಅಂದರೆ 30 ಗ್ರಾಂ ಗೇರುಬೀಜದಲ್ಲೇ ಅರ್ಧ ಮಿಲಿಗ್ರಾಮಿಗೂ ಹೆಚ್ಚು ತಾಮ್ರವಿರುತ್ತದೆ. ತವುಡು ಪೂರ್ತಿ ಹೋಗದ ಕೆಂಪು ಕುಚ್ಚಲಕ್ಕಿಯಲ್ಲಿ ಸತುವೂ ಉಳಿದಿರುತ್ತದೆ. ತವುಡಿನ ಫೈಟಿಕ್ ಆಮ್ಲ ಅದನ್ನು ಕಟ್ಟಿಹಾಕುವುದು ನಿಜವಾದರೂ, ಕಾಳನ್ನು ನೆನೆಸಿ ಮೊಳಕೆ ಬರಿಸುವ, ಹಿಟ್ಟನ್ನು ಹುಳಿ ಬರಿಸುವ ರೂಢಿಯಿಂದ ಆ ಕಟ್ಟು ಸಡಿಲಾಗುತ್ತದೆ. ಬಂಗುಡೆ, ಬೂತಾಯಿಗಳಲ್ಲಿ ಸೆಲೆನಿಯಂ ಇದೆ. ಮಣ್ಣಿನಲ್ಲಿಯೇ ಸೆಲೆನಿಯಂ ಕಡಿಮೆಯಿರುವ ಚೀನಾದ ಕೆಶಾನ್ ಪ್ರಾಂತದಲ್ಲಿ 1935ರಲ್ಲಿ ಗುರುತಿಸಲಾದ, ಹೃದಯದ ಸ್ನಾಯುವನ್ನೇ ಸಡಿಲಗೊಳಿಸುವ ರೋಗಕ್ಕೆ ಆ ಊರಿನ ಹೆಸರೇ ನಿಂತಿದೆ.

ಹಾಗೆಂದು ಮಾತ್ರೆಗಳ ಮೊರೆ ಹೋಗಬೇಕಾಗಿಲ್ಲ. ಕೊರತೆಯಿಲ್ಲದವರು ನುಂಗಿದ ಸೆಲೆನಿಯಂ ಮಾತ್ರೆಗಳು ಹೃದಯಾಘಾತವನ್ನು ತಡೆಯಲಿಲ್ಲವೆಂದು ದೊಡ್ಡ ಪರೀಕ್ಷೆಗಳು ತೋರಿಸಿವೆ. ಸತುವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ಹೆಚ್ಚಾಗಿ ನುಂಗಿದರೆ ಕರುಳಿನ ಜೀವಕೋಶಗಳು ತಾಮ್ರವನ್ನು ಹಿಡಿದಿಟ್ಟು ರಕ್ತಕ್ಕೆ ಬಿಡುವುದಿಲ್ಲ, ಒಂದನ್ನು ತುಂಬಲು ಹೋಗಿ ಇನ್ನೊಂದು ಖಾಲಿಯಾಗುತ್ತದೆ. ಒಣಮೀನು ಮತ್ತು ಉಪ್ಪಿನಕಾಯಿಯಿಂದ ಒಳಗೆ ಹೋಗುವ ಉಪ್ಪು ರಕ್ತದೊತ್ತಡವನ್ನು ಏರಿಸಿ ಹೃದಯಕ್ಕೆ ಮಾಡುವ ಹಾನಿಯಂತೂ ಈ ಲೇಶಖನಿಜಗಳ ಕೊರತೆಗಿಂತ ಎಷ್ಟೋ ಪಾಲು ಹೆಚ್ಚು.

ತಾಮ್ರದ ಚೆಂಬಿನ ನೀರನ್ನು ಔಷಧವೆಂದು ನಂಬುವವರೂ ಹಳೆಯ ಅಡುಗೆಯವರ ಒಂದು ಎಚ್ಚರವನ್ನು ಗಮನಿಸಬೇಕು. ಹುಣಿಸೆಹುಳಿ, ಮಜ್ಜಿಗೆ, ಪುನರ್ಪುಳಿಯಂಥ ಹುಳಿ ಪದಾರ್ಥಗಳು ತಾಮ್ರವನ್ನು ಕರಗಿಸಿ ಹೊಟ್ಟೆ ತೊಳಸುವಷ್ಟು, ವಾಂತಿಯಾಗುವಷ್ಟು ಒಳಗೆ ಸೇರಿಸುತ್ತವೆ. ಆ ಕಾರಣಕ್ಕೇ ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದರು, ಕಲಾಯಿ ಸವೆದು ಕೆಂಪು ಕಂಡ ಪಾತ್ರೆಯಲ್ಲಿ ಹುಳಿ ಕುದಿಸುತ್ತಿರಲಿಲ್ಲ.