ಹದಿಹರೆಯ, ಗಾಂಜಾ ಮತ್ತು ಮನೋರೋಗ

ದೋಣಿಮಲೈ ಎಂದೊಡನೆ ನಮಗೆ ನೆನಪಾಗುವುದು ಸಂಡೂರಿನ ಬೆಟ್ಟಸಾಲು, ಕೆಂಪು ಧೂಳು, ಕಬ್ಬಿಣದ ಅದಿರು. ಆ ಗಣಿಯೂರಿರುವ ಬಳ್ಳಾರಿ ಜಿಲ್ಲೆಗೆ ವೈದ್ಯಲೋಕದಲ್ಲಿ ಬೇರೊಂದು ಹೆಸರುಂಟೆಂಬುದನ್ನು ಹಲವರು ಅರಿಯರು. ಅದನ್ನು ಹೇಳುವ ಮುನ್ನ ಒಂದು ಪ್ರಶ್ನೆ.

ಹದಿನಾರರ ಹುಡುಗನೊಬ್ಬ ನಿದ್ದೆಗೆಟ್ಟಿದ್ದಾನೆ. ನೆರೆಯವರು ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಶಂಕಿಸುತ್ತಾನೆ. ಅವನ ಜೇಬಿನಲ್ಲಿ ಗಾಂಜಾ ಸಿಕ್ಕಿತೆನ್ನೋಣ. ಅದನ್ನು ಬಿಡಿಸಿದರೆ ಎಲ್ಲವೂ ಸರಿಹೋಗುವುದೆಂದು ಮನೆಯವರು ನಂಬುತ್ತಾರೆ. ಸರಿಹೋದೀತೆ?

ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ದ್ರವ್ಯವನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮಿದುಳು ತಾನೇ ಅಂಥದೊಂದು ದ್ರವ್ಯವನ್ನು ಸಿದ್ಧಪಡಿಸಿಕೊಳ್ಳುತ್ತದೆಂದು ತಿಳಿದುಬಂದದ್ದು 1992ರಲ್ಲಿ. ಅದಕ್ಕೆ ಅವರಿತ್ತ ಹೆಸರು 'ಆನಂದಮೈಡ್'; ನಮ್ಮ 'ಆನಂದ'ವೇ ಅದರಲ್ಲಿ ಅಡಗಿದೆ! ಈ ದ್ರವ್ಯ ಬೇಕಾದೆಡೆ ಹುಟ್ಟಿ, ಕೆಲಸ ಮುಗಿಸಿ, ಬೇಗನೆ ಅಳಿಯುತ್ತದೆ. ಹೊರಗಿನಿಂದ ಬಂದ ಟಿಎಚ್‌ಸಿಯಾದರೋ ಮಿದುಳಿನ ಹಲವು ಭಾಗಗಳಿಗೆ ನುಗ್ಗಿ ಬಹುಹೊತ್ತು ನಿಲ್ಲುತ್ತದೆ. ವಿವೇಚನೆಗೆ ಆಧಾರವಾದ, ಹಣೆಯ ಹಿಂದಿನ ಮಿದುಳು ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುವುದರಿಂದ ಎಳೆಯರಿಗೆ ಅಪಾಯ ಹೆಚ್ಚು.

ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸುತ್ತ ಬಂದ ಸಂಶೋಧಕರು 2002ರಲ್ಲಿ ಒಂದು ವರದಿಯನ್ನಿತ್ತರು. ಹದಿನೈದರೊಳಗೆ ಗಾಂಜಾ ಹಿಡಿದವರಲ್ಲಿ ಸುಮಾರು ನೂರಕ್ಕೆ 10 ಮಂದಿ 26ರ ವಯಸ್ಸಿಗೆ ಸ್ಕಿಜೋಫ್ರೇನಿಯವನ್ನು ಹೋಲುವ ಚಿತ್ತವಿಕಾರಕ್ಕೆ ಗುರಿಯಾಗಿದ್ದರು; ಮುಟ್ಟದವರಲ್ಲಿ 3 ಮಂದಿ. ಆದರೆ ಹನ್ನೊಂದನೆಯ ವಯಸ್ಸಿನಲ್ಲೇ ಕಂಡಿದ್ದ ಲಕ್ಷಣಗಳನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಕುಗ್ಗಿತು. ಎಂದರೆ, ಕೆಲವರಲ್ಲಿ ಬಿರುಕು ಮೊದಲೇ ಇತ್ತು.

ಆದುದರಿಂದ ಗಾಂಜಾವನ್ನಷ್ಟೇ ಬಿಡಿಸಿದರೆ ರೋಗ ಉಳಿದೀತು; ರೋಗಕ್ಕಷ್ಟೇ ಮದ್ದಿತ್ತರೆ ಗಾಂಜಾ ಅದನ್ನು ಮರಳಿ ಕೆರಳಿಸೀತು. ಬಿಟ್ಟ ಮೊದಲ ದಿನಗಳಲ್ಲಿ ನಿದ್ದೆ ಹಾರುವುದೂ ಸಿಡುಕು ಹೆಚ್ಚುವುದೂ ಉಂಟು. ಇದನ್ನು ಕಂಡು 'ಬಿಟ್ಟದ್ದೇ ಕೆಡುಕಾಯಿತು' ಎಂದುಕೊಳ್ಳುವವರು ಇಲ್ಲದಿಲ್ಲ. ಎರಡಕ್ಕೂ ಒಂದೇ ಕಡೆ, ಒಟ್ಟಿಗೆ ಚಿಕಿತ್ಸೆ ನಡೆಯಬೇಕು. ನಾಚಿಕೆಯಿಂದ ಜೇಬಿನ ಸಂಗತಿಯನ್ನು ಮುಚ್ಚಿಟ್ಟು ನಿದ್ದೆಗೆ ಮಾತ್ರ ಔಷಧ ಕೇಳಿದರೆ ವೈದ್ಯರಾದರೂ ಏನು ಮಾಡಿಯಾರು?

ಅಂಥ ವೈದ್ಯರು ದೂರದ ಬೆಂಗಳೂರಿನಲ್ಲೇ ಇರಬೇಕಾಗಿಲ್ಲ. ಬಳ್ಳಾರಿಯ ಹೆಸರು ಬರುವುದು ಇಲ್ಲಿಯೇ. ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೆ ಅಲ್ಪಕಾಲದ ತರಬೇತಿಯಿತ್ತು, ಕೆಲವೇ ಔಷಧಗಳನ್ನೊದಗಿಸಿದರೆ ಮನೋರೋಗಗಳನ್ನು ಊರಿನ ಬಳಿಯೇ ಗುರುತಿಸಿ ಚಿಕಿತ್ಸೆ ಕೊಡಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಪರೀಕ್ಷಿಸಿ ನೋಡಿದ್ದು ಈ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಮೊದಲಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 'ಬಳ್ಳಾರಿ ಮಾದರಿ'ಯೇ ತಳಹದಿ. ಆರೋಗ್ಯಕೇಂದ್ರದ ಮೆಟ್ಟಿಲೇರಲೂ ಅಂಜುವವರಿಗೆ 2022ರಲ್ಲಿ ತೊಡಗಿದ 'ಟೆಲಿ ಮಾನಸ್' ದೂರವಾಣಿಯುಂಟು, ಸಂಖ್ಯೆ 14416. ಹುಡುಗನೇ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.