ಡಿಸ್ಚಾರ್ಜ್ ಆದ ಮೇಲೆ ನೋಡಿಕೊಳ್ಳುವವರು ಯಾರು?

ಹೃದಯಾಘಾತವಾದರೆ ಇಡೀ ಮನೆ ಆಸ್ಪತ್ರೆಗೆ ಓಡುತ್ತದೆ. ಹೃದಯ ವೈಫಲ್ಯ ಸದ್ದಿಲ್ಲದೆ ಬರುತ್ತದೆ. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಮೈಗೆ ಬೇಕಾದಷ್ಟು ರಕ್ತ ದೂಡಲು ಅದಕ್ಕೆ ಕಸುವು ಸಾಲದು. ಕಾಲು ಊದುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ತಲೆಯಡಿಯ ದಿಂಬು ಒಂದಿದ್ದದ್ದು ಮೂರಾಗುತ್ತದೆ. ಆಸ್ಪತ್ರೆಯಲ್ಲಿ ತುಂಬಿಕೊಂಡ ನೀರು ಇಳಿಸಿ, ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸುತ್ತಾರೆ. ಕೆಲವೇ ವಾರಗಳಲ್ಲಿ ಅದೇ ವಾರ್ಡಿಗೆ ಮರಳಿ ಬರುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಈ ನಡುವಿನ ದಿನಗಳಲ್ಲಿ ರೋಗಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಸುಮಾರು ಮೂವತ್ತೈದು ವರ್ಷಗಳ ಹಿಂದೆಯಷ್ಟೇ ಗಟ್ಟಿಯಾಗಿ ಎದ್ದಿತು.

1990ರಲ್ಲಿ ಸ್ವೀಡನ್ನಿನ ಲಿಂಚೋಪಿಂಗ್ ನಗರದಲ್ಲಿ ಹೃದಯ ವೈಫಲ್ಯದವರಿಗೆಂದೇ ನರ್ಸ್‌ಗಳು ನಡೆಸುವ ಕ್ಲಿನಿಕ್ ಶುರುವಾಯಿತು. ಎಂಟು ವರ್ಷ ಕಳೆಯುವಷ್ಟರಲ್ಲಿ ಆ ದೇಶದ ಮೂರನೇ ಎರಡು ಭಾಗ ಆಸ್ಪತ್ರೆಗಳಲ್ಲಿ ಅಂಥ ಕ್ಲಿನಿಕ್ ಇತ್ತು. ವೈದ್ಯರು ಮೊದಲೇ ಬರೆದಿಟ್ಟ ನಿಯಮಗಳ ಪ್ರಕಾರ ಮಾತ್ರೆಯ ಪ್ರಮಾಣ ಏರಿಸುವ, ಇಳಿಸುವ ಅಧಿಕಾರ ಹಲವೆಡೆ ನರ್ಸ್‌ಗಳಿಗೇ ಇತ್ತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯಲ್ಲಿ ದೊಡ್ಡ ಹೆಜ್ಜೆ ಇದೇ.

ನರ್ಸ್ ಆರೈಕೆ ಫಲ ಕೊಡುತ್ತದೆಂಬ ಪುರಾವೆ ಅಮೆರಿಕದಿಂದ ಬಂತು. ಸೇಂಟ್ ಲೂಯಿಸ್‌ನಲ್ಲಿ ಮೈಕೆಲ್ ರಿಚ್ ಮತ್ತು ಸಂಗಡಿಗರು 70 ದಾಟಿದ 282 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ನರ್ಸ್ ಕೂತು ಕಾಯಿಲೆಯನ್ನು ವಿವರಿಸಿದರು. ಉಪ್ಪು ಕಡಿಮೆ ಮಾಡುವುದು ಹೇಗೆಂದು ಹೇಳಿಕೊಟ್ಟರು. ಮಾತ್ರೆಗಳ ಗೊಂದಲ ಬಿಡಿಸಿದ್ದಾಯಿತು. ಡಿಸ್ಚಾರ್ಜ್ ಆದ ಮೇಲೆ ಮನೆಗೆ ಹೋಗಿ, ಫೋನು ಮಾಡಿ ವಿಚಾರಿಸಿದ್ದೂ ಆಯಿತು. 1995ರಲ್ಲಿ ಫಲಿತಾಂಶ ಪ್ರಕಟವಾದಾಗ, 90 ದಿನಗಳೊಳಗೆ ಇದೇ ಕಾಯಿಲೆಗೆ ಮರಳಿ ಸೇರುವುದು ಅರ್ಧಕ್ಕಿಂತ ಕೆಳಗಿಳಿದಿತ್ತು. ಖರ್ಚೂ ತಗ್ಗಿತ್ತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 165 ರೋಗಿಗಳ ಅಧ್ಯಯನ 2001ರಲ್ಲಿ ಬಂತು. ಅಲ್ಲಿ ಡಿಸ್ಚಾರ್ಜ್ ಆದ 48 ಗಂಟೆಗಳಲ್ಲಿ ತರಬೇತಾದ ನರ್ಸ್ ಮನೆ ಬಾಗಿಲಿಗೆ ಬರುತ್ತಿದ್ದರು. ಇಂಥ ನರ್ಸ್ ಇಂದು ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯ ಸಹಜ ಭಾಗ. ಎಲ್ಲ ಅಧ್ಯಯನಗಳೂ ನರ್ಸ್ ಆರೈಕೆಯ ಪರ ಬಂದವೆಂದಲ್ಲ. ನೆದರ್‌ಲೆಂಡ್ಸ್‌ನಲ್ಲಿ 1023 ರೋಗಿಗಳ ಮೇಲೆ ನಡೆದ ಕೋಚ್ ಅಧ್ಯಯನ 2008ರಲ್ಲಿ ಹೆಚ್ಚುವರಿ ನರ್ಸ್ ಬೆಂಬಲದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದಿತು. ಆದರೆ ಅಲ್ಲಿ ಹೋಲಿಕೆಯ ಗುಂಪಿನವರನ್ನೂ ಹೃದ್ರೋಗ ತಜ್ಞರು ತಪ್ಪದೆ ನೋಡುತ್ತಿದ್ದರು. ಅಡಿಪಾಯ ಗಟ್ಟಿಯಿದ್ದಲ್ಲಿ ಮೇಲೆ ಸೇರಿಸಿದ್ದು ಎದ್ದು ಕಾಣದು.

ಅಮೆರಿಕ ಬೇರೆ ದಾರಿ ಹಿಡಿಯಿತು. 30 ದಿನಗಳೊಳಗೆ ರೋಗಿಗಳು ಅತಿಯಾಗಿ ಮರಳಿ ಬರುವ ಆಸ್ಪತ್ರೆಗಳಿಗೆ ಸರ್ಕಾರ ಕೊಡುವ ಹಣದಲ್ಲಿ ಕಡಿತ 2012ರ ಅಕ್ಟೋಬರ್‌ನಿಂದ ಜಾರಿಗೆ ಬಂತು. ಮರುದಾಖಲೆ ಇಳಿಯಿತು. ಆದರೆ 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು, ಹೃದಯ ವೈಫಲ್ಯದವರಲ್ಲಿ ಡಿಸ್ಚಾರ್ಜ್ ನಂತರದ ಸಾವು ಅದೇ ಅವಧಿಯಲ್ಲಿ ಹೆಚ್ಚಿತೆಂದು ತೋರಿಸಿತು. ಕಾರಣ ದಂಡವೇ ಹೌದೋ ಅಲ್ಲವೋ ಎಂಬ ವಾದ ಮುಗಿದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಲೆಕ್ಕವಿಡುವುದಕ್ಕೂ ರೋಗಿಯ ಮನೆಯಲ್ಲಿ ಆರೈಕೆ ಕಟ್ಟುವುದಕ್ಕೂ ಬಹಳ ದೂರವಿದೆ ಎಂದಷ್ಟೇ ನಾನು ಹೇಳಬಲ್ಲೆ.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ರುವಾಂಡಾ. ಅಲ್ಲಿನ ಹಳ್ಳಿಗಳಲ್ಲಿ ಹೃದಯ ವೈಫಲ್ಯ ಮುದುಕರ ಕಾಯಿಲೆ ಮಾತ್ರವಲ್ಲ. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ಸಂಧಿವಾತ ಜ್ವರದಿಂದ ಕವಾಟ ಕೆಟ್ಟ ಹರೆಯದವರೂ ಇದ್ದಾರೆ. ಹೃದ್ರೋಗ ತಜ್ಞರು ಬೆರಳೆಣಿಕೆಯಷ್ಟು. 2006ರಿಂದ ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆ ಅಲ್ಲಿನ ಆರೋಗ್ಯ ಸಚಿವಾಲಯದ ಜೊತೆ ಸೇರಿ, ಜಿಲ್ಲಾಸ್ಪತ್ರೆಗಳ ನರ್ಸ್‌ಗಳಿಗೆ ಕೈಯಲ್ಲಿ ಒಯ್ಯುವಂಥ ಎಕೋ ಯಂತ್ರ ಬಳಸಿ ಕಾಯಿಲೆಯ ಬಗೆ ಗುರುತಿಸಿ ಔಷಧ ಹೊಂದಿಸುವುದನ್ನು ಕಲಿಸಿತು. ಅದರಿಂದ ಬೆಳೆದ ಪೆನ್-ಪ್ಲಸ್ ಮಾದರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕಾ ವಲಯ 2022ರಲ್ಲಿ ಒಪ್ಪಿಕೊಂಡಿತು.

ನಮ್ಮಲ್ಲಿ? ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ 2013ರಲ್ಲಿ ಆ ಜಿಲ್ಲೆಯ 1205 ರೋಗಿಗಳನ್ನು ದಾಖಲಿಸಿ ಹಿಂಬಾಲಿಸಿತು. ಸರಾಸರಿ ವಯಸ್ಸು ಸುಮಾರು 61. ಒಂದು ವರ್ಷದಲ್ಲಿ ಸುಮಾರು ಶೇಕಡಾ 31 ಮಂದಿ ತೀರಿಕೊಂಡಿದ್ದರು. ಆರೋಗ್ಯ ಸೇವೆಗೆ ಹೆಸರಾದ ಕೇರಳದ ಲೆಕ್ಕವೇ ಇದು.

ಕರ್ನಾಟಕದಲ್ಲಿ ಜಯದೇವ ಸಂಸ್ಥೆಗೆ ಬೆಂಗಳೂರಿನ ಜೊತೆ ಮೈಸೂರು, ಕಲಬುರಗಿಗಳಲ್ಲೂ ಆಸ್ಪತ್ರೆಗಳಿವೆ. ಆದರೂ ಕಾಲು ಊದಿದ ದಿನ ಒಂದು ಮಾತ್ರೆ ಹೆಚ್ಚಿಸಬೇಕೇ ಎಂದು ಕೇಳಲು ಹಳ್ಳಿಯವರು ನಗರದ ಬಸ್ಸು ಹಿಡಿಯಬೇಕಾದರೆ ಆ ಊತ ಕಾಯುತ್ತ ಕೂರುವುದಿಲ್ಲ. ಉಪಕೇಂದ್ರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯಾಧಿಕಾರಿಗಳು ಈಗಾಗಲೇ ಬಿಪಿ, ಶುಗರ್ ನೋಡುತ್ತಿದ್ದಾರೆ. ಅವರ ಕೈಗೆ ಒಂದು ತೂಕದ ಯಂತ್ರ, ಡಿಸ್ಚಾರ್ಜ್ ಆದವರ ಪಟ್ಟಿ, ಮೂತ್ರ ಹೋಗುವ ಮಾತ್ರೆಯನ್ನು ಎಷ್ಟರವರೆಗೆ ಏರಿಸಬಹುದೆಂಬ ಲಿಖಿತ ಅನುಮತಿ ಮತ್ತು ಸಂಶಯ ಬಂದಾಗ ಫೋನ್ ಎತ್ತುವ ವೈದ್ಯರೊಬ್ಬರ ನಂಬರು ಕೊಟ್ಟರೆ, ಲಿಂಚೋಪಿಂಗ್‌ನಲ್ಲಿ 1990ರಲ್ಲಿ ಶುರುವಾದದ್ದು ಇಲ್ಲೂ ಶುರುವಾಗಬಹುದು.